ಮೀನಿನ ಉದ್ದ, ಲೆನ್ಸಿನ ಬೆಲೆ

ಗಾಜಿನ ತೊಟ್ಟಿಯಲ್ಲಿರುವ ಮೀನನ್ನು ಕಣ್ಣಿನಿಂದ ನೋಡುವುದಕ್ಕೂ ಕ್ಯಾಮೆರಾದಿಂದ ನೋಡುವುದಕ್ಕೂ ಇರುವ ಅಂತರವು ಹವ್ಯಾಸಿಗಳಿಗೆ ಮನವರಿಕೆಯಾಗುವುದು ಸಾಮಾನ್ಯವಾಗಿ ಹಣ ಕೈಬಿಟ್ಟ ಮೇಲೆಯೇ. ಕಣ್ಣು ಗಾಜನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಗಾಜಿನ ಮೇಲೆ ಬಿದ್ದ ಕಿಟಕಿಯ ಬಿಂಬವನ್ನು, ನೀರಿನಲ್ಲಿ ತೇಲುವ ಕಸವನ್ನು, ಮೂಲೆಯಲ್ಲಿ ಹಬ್ಬಿದ ಪಾಚಿಯನ್ನು ಬದಿಗೊತ್ತಿ ತನಗೆ ಬೇಕಾದ ಮೀನನ್ನಷ್ಟೇ ಆರಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಇಂಥ ದಾಕ್ಷಿಣ್ಯವಿಲ್ಲದಿರುವುದರಿಂದ, ಕಣ್ಣಿಗೆ ಹಬ್ಬವಾಗಿದ್ದ ತೊಟ್ಟಿಯು ಚಿತ್ರದಲ್ಲಿ ಹಸಿರು ಛಾಯೆಯ ನೀರು, ಅದರ ಮೇಲೆ ಮನೆಯ ಯಜಮಾನನದೇ ಮಸುಕು ಮುಖ, ಅದರ ಹಿಂದೆಲ್ಲೋ ಬಾಲ ಮಾತ್ರ ಸ್ಪಷ್ಟವಾಗಿರುವ ಒಂದು ಮೀನು ಎಂಬಂತೆ ಮೂಡಿಬರುತ್ತದೆ. ಆಗ ತಪ್ಪೆಲ್ಲವನ್ನೂ ಸಲಕರಣೆಯ ತಲೆಗೆ ಕಟ್ಟಲಾಗುತ್ತದೆ. ಇನ್ನೂ ಒಳ್ಳೆಯ ಕ್ಯಾಮೆರಾ ಬೇಕೆಂಬ ತೀರ್ಮಾನ ಒಡನೆಯೇ ಆಗಿ, ಮನೆಯವರ ಒಪ್ಪಿಗೆಯೊಂದು ಬಾಕಿ ಉಳಿಯುತ್ತದೆ. ಈ ತೀರ್ಮಾನವು ಬಹುಪಾಲು ಸಂದರ್ಭಗಳಲ್ಲಿ ಅವಸರದ್ದು. ಮೀನಿನ ಚಿತ್ರಕ್ಕೆ ಬೇಕಾದ ಸಲಕರಣೆಯನ್ನು ನಿರ್ಧರಿಸುವುದು ಕಂಪನಿಗಳ ಬೆಲೆಪಟ್ಟಿಯಲ್ಲ, ಮೀನಿನ ಉದ್ದ ಮತ್ತು ತೊಟ್ಟಿಯ ಅಗಲ ಎಂಬೆರಡು ಅಳತೆಗಳು. ಇವೆರಡನ್ನೂ ಬಲ್ಲವನು ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಬಿಟ್ಟುಬರುವುದೇ ಹೆಚ್ಚು.

ಮೀನಿನ ಬಣ್ಣವನ್ನು ಹಿಡಿದಿಡಬೇಕೆಂಬ ಆಸೆ ಕ್ಯಾಮೆರಾಕ್ಕಿಂತ ಹಳೆಯದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಗಾಜಿನ ತೊಟ್ಟಿಗಳ ಮತ್ಸ್ಯಗೃಹವು ಸಾರ್ವಜನಿಕರಿಗೆ ತೆರೆದದ್ದು 1853ರಲ್ಲಿ. ಅದರ ಹಿಂದೆಯೇ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ಬರೆದ ಅಕ್ವೇರಿಯಂ ಕುರಿತ ಪುಸ್ತಕವು ಬಣ್ಣದ ಚಿತ್ರಗಳೊಂದಿಗೆ ಬಂದು ಇಂಗ್ಲೆಂಡಿನ ಮನೆಗಳಿಗೆ ಈ ಹುಚ್ಚನ್ನು ಹತ್ತಿಸಿತು. ಭಾರತದ ಮಟ್ಟಿಗೆ ಮದರಾಸು ಪ್ರಾಂತದ ಸೇನಾ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1865ರಲ್ಲಿ ತಿರುವಾಂಕೂರಿನ ಬೆಟ್ಟದ ಹೊಳೆಗಳ ಒಂದು ಮೀನನ್ನು ವರ್ಣಿಸಿ, ಅದಕ್ಕೆ ಆಗಿನ ಮದರಾಸಿನ ಗವರ್ನರ್ ವಿಲಿಯಂ ಡೆನಿಸನ್ನನ ಹೆಸರಿಟ್ಟ. ಇಂದು ಮಿಸ್ ಕೇರಳ ಎಂಬ ವ್ಯಾಪಾರದ ಹೆಸರಿನಲ್ಲಿ ಅಕ್ವೇರಿಯಂ ಅಂಗಡಿಗಳಲ್ಲಿ ಕಾಣುವ, ಮೂತಿಯಿಂದ ಕಣ್ಣನ್ನು ಹಾಯ್ದು ಮೈಯ ನಡುವಿನವರೆಗೆ ಓಡುವ ಕೆಂಪು ಪಟ್ಟೆಯ ಆ ಡೆನಿಸನ್ ಬಾರ್ಬ್ ಮೀನು ಕೇರಳದ ಜೊತೆಗೆ ದಕ್ಷಿಣ ಕರ್ನಾಟಕದ ಕೆಲವು ಹೊಳೆಗಳಲ್ಲಿಯೂ ಇದೆ. ಮದ್ಯಸಾರದ ಜಾಡಿಯಲ್ಲಿ ಇಟ್ಟೊಡನೆ ಮೀನಿನ ಕೆಂಪು, ಹಳದಿಗಳು ಮಾಸತೊಡಗುವುದರಿಂದ, ಡೇಯ ಕಾಲದ ವಿದ್ವಾಂಸನಿಗೆ ಬಣ್ಣದ ದಾಖಲೆಗೆ ಕುಂಚ ಮತ್ತು ನೆನಪುಗಳೇ ಗತಿಯಾಗಿದ್ದವು. ಮುಂದೆ ಜಪಾನಿನ ತಕಾಶಿ ಅಮಾನೋ (1954–2015) ಜಲಸಸ್ಯಗಳ ತೊಟ್ಟಿಗಳನ್ನು ರೂಪಿಸಿ, ದೊಡ್ಡ ಅಳತೆಯ ಫಿಲ್ಮಿನ ಮೇಲೆ ಅವುಗಳ ಚಿತ್ರ ತೆಗೆದು, ತೊಟ್ಟಿಯ ಚಿತ್ರವೂ ನಿಸರ್ಗದೃಶ್ಯದ ಚಿತ್ರದಷ್ಟೇ ಗಂಭೀರ ಕಲೆಯೆಂಬುದನ್ನು ತೋರಿಸಿದ. ಅಂಥ ಕ್ಯಾಮೆರಾ ಮನೆಯ ಹವ್ಯಾಸಿಗೆ ಎಟುಕುವಂಥದ್ದಲ್ಲ. ಆದರೆ ಇಂದಿನ ಹಳೆಯ ಡಿಜಿಟಲ್ ಕ್ಯಾಮೆರಾವೊಂದು ಆ ಕೆಲಸದ ಬಹುಭಾಗವನ್ನು ಸಣ್ಣ ವೆಚ್ಚದಲ್ಲಿ ಮಾಡಿಕೊಡಬಲ್ಲದು ಎಂಬುದು ಹವ್ಯಾಸಿಯ ಭಾಗ್ಯ.

ಕೊಳ್ಳುವ ಕೆಲಸವು ಅಳತೆಯಿಂದ ಆರಂಭವಾಗಬೇಕು. ಮ್ಯಾಕ್ರೋ ಎಂದರೆ ವಸ್ತುವಿನ ಬಿಂಬವು ಕ್ಯಾಮೆರಾದ ಸೆನ್ಸರಿನ ಮೇಲೆ ವಸ್ತುವಿನಷ್ಟೇ ದೊಡ್ಡದಾಗಿ ಬೀಳುವ ಸ್ಥಿತಿ. ಇದನ್ನು 1:1 ಎಂದು ಬರೆಯುತ್ತಾರೆ. ಸೆನ್ಸರ್ ಎಂದರೆ ಹಿಂದಿನ ಕಾಲದ ಫಿಲ್ಮಿನ ಜಾಗದಲ್ಲಿರುವ, ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಫಲಕ. ಮಧ್ಯಮ ಬೆಲೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರು ನಿಕಾನ್ ಮತ್ತು ಸೋನಿಗಳಲ್ಲಿ ಸುಮಾರು 23.5 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರವಿದ್ದು, ಕ್ಯಾನನ್ನಿನಲ್ಲಿ ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಚಿತ್ರದಲ್ಲಿ ಮೀನು ಅಗಲದ ಮೂರರಲ್ಲಿ ಎರಡು ಪಾಲನ್ನು ತುಂಬಿದರೆ ನೋಟಕ್ಕೆ ಹಿತವೆಂದು ಇಟ್ಟುಕೊಂಡರೆ, ಸೆನ್ಸರಿನ ಮೇಲೆ ಬೀಳಬೇಕಾದ ಬಿಂಬದ ಉದ್ದ ಸುಮಾರು 16 ಮಿಲಿಮೀಟರ್ ಆಗುತ್ತದೆ. ಈ ಹದಿನಾರನ್ನು ಮೀನಿನ ಉದ್ದದಿಂದ ಭಾಗಿಸಿದರೆ ಬೇಕಾದ ವರ್ಧನೆ, ಅಂದರೆ ಬಿಂಬಕ್ಕೂ ವಸ್ತುವಿಗೂ ಇರುವ ಪ್ರಮಾಣ, ಸಿಗುತ್ತದೆ.

ಈ ಸಣ್ಣ ಭಾಗಾಕಾರವು ಅಂಗಡಿಯವನ ಎಷ್ಟೋ ಮಾತುಗಳಿಗೆ ಉತ್ತರ ಹೇಳಿಬಿಡುತ್ತದೆ. ಹನ್ನೆರಡು ಸೆಂಟಿಮೀಟರಿಗೆ ಬೆಳೆದ ಡೆನಿಸನ್ ಬಾರ್ಬಿಗೆ ಬೇಕಾದ ವರ್ಧನೆ 0.13, ಐದು ಸೆಂಟಿಮೀಟರಿನ ಯಾವುದೇ ಮೀನಿಗೆ 0.32. ಕ್ಯಾಮೆರಾದ ಜೊತೆಗೇ ಬರುವ, ಕಿಟ್ ಲೆನ್ಸ್ ಎಂದು ಕರೆಸಿಕೊಳ್ಳುವ 18-55 ಎಂಎಂ ಜೂಮ್ ಲೆನ್ಸು ತನ್ನ ಅತಿ ಹತ್ತಿರದ ದೂರದಲ್ಲಿ ಸುಮಾರು 0.3ರಷ್ಟು ವರ್ಧನೆಯನ್ನು ಕೊಡುತ್ತದೆ. ಹೀಗಾಗಿ ಗೋಲ್ಡ್ ಫಿಶ್, ಏಂಜೆಲ್, ಗೌರಾಮಿ, ಡೆನಿಸನ್ ಬಾರ್ಬ್ ಮುಂತಾದವುಗಳನ್ನು ಸಾಕಿದವರಿಗೆ ಮ್ಯಾಕ್ರೋ ಲೆನ್ಸಿನ ಅಗತ್ಯವೇ ಇಲ್ಲವೆಂಬುದು ಲೆಕ್ಕದಿಂದಲೇ ಸಿದ್ಧವಾಗುತ್ತದೆ. ಮೂರು ಸೆಂಟಿಮೀಟರಿನ ಆಸುಪಾಸಿನ ನಿಯಾನ್ ಟೆಟ್ರಾ, ಚೆರ್ರಿ ಸಿಗಡಿಗಳಿಗೆ ಬಂದಾಗ ವರ್ಧನೆಯು ಅರ್ಧವನ್ನು ಮುಟ್ಟುತ್ತದೆ. ಪೀ ಪಫರ್ ಎಂದು ಹವ್ಯಾಸಿಗಳು ಕರೆಯುವ, ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು 1941ರಲ್ಲಿ ವರ್ಣಿಸಿದ, ಪಶ್ಚಿಮ ಘಟ್ಟದ ತಪ್ಪಲಿನ ಸಿಹಿನೀರಿನ ಪುಟ್ಟ ಊದುಮೀನು ಎರಡೂವರೆ ಸೆಂಟಿಮೀಟರಿನ ಆಸುಪಾಸಿನದು, ಅದಕ್ಕೆ 0.64 ಬೇಕು. ಮೀನಿನ ಕಣ್ಣೊಂದನ್ನೇ ಚಿತ್ರದ ತುಂಬ ಬಯಸುವವನಿಗೆ ಮಾತ್ರ ಪೂರ್ತಿ 1:1ರ ಹಸಿವು. ಅಳತೆ ತೆಗೆಯದೆ ಮ್ಯಾಕ್ರೋ ಲೆನ್ಸ್ ಕೊಳ್ಳುವುದು ಪಾದ ನೋಡದೆ ಚಪ್ಪಲಿ ಕೊಂಡಂತೆ. ದುಬಾರಿ ಜೋಡು ಎಂಬ ಕಾರಣಕ್ಕೆ ಅದು ಕಾಲಿಗೆ ಹೊಂದಿಕೊಳ್ಳುವುದಿಲ್ಲ.

ವರ್ಧನೆ ಸ್ವಲ್ಪ ಕಡಿಮೆ ಬಿದ್ದರೂ ಕಂಗಾಲಾಗಬೇಕಿಲ್ಲ. 24 ಮೆಗಾಪಿಕ್ಸೆಲ್ಲಿನ ಸೆನ್ಸರು ಅಡ್ಡಕ್ಕೆ ಸುಮಾರು 6000 ಬಿಂದುಗಳನ್ನು ದಾಖಲಿಸುತ್ತದೆ. ಪೀ ಪಫರನ್ನು ಕಿಟ್ ಲೆನ್ಸಿನಿಂದಲೇ 0.3ರ ವರ್ಧನೆಯಲ್ಲಿ ತೆಗೆದರೆ ಬಿಂಬವು ಏಳೂವರೆ ಮಿಲಿಮೀಟರ್ ಆಗಿ, ಸುಮಾರು 1900 ಬಿಂದುಗಳನ್ನು ಆವರಿಸುತ್ತದೆ. ಅಂಗುಲಕ್ಕೆ 300 ಬಿಂದುಗಳ ಉತ್ತಮ ಮುದ್ರಣದಲ್ಲಿ ಅದು ಆರಂಗುಲಕ್ಕಿಂತ ಉದ್ದದ ಮೀನು. ನಿಜವಾದ ಮೀನಿಗಿಂತ ಆರು ಪಟ್ಟು ದೊಡ್ಡದಾಗಿ ಗೋಡೆಗೆ ಏರುವ ಈ ಚಿತ್ರಕ್ಕೆ ತಗಲಿದ ಹೆಚ್ಚುವರಿ ವೆಚ್ಚ, ಕಂಪ್ಯೂಟರಿನಲ್ಲಿ ಅಂಚು ಕತ್ತರಿಸಿದ ಶ್ರಮ ಮಾತ್ರ.

ಎರಡನೆಯ ಅಳತೆ ತೊಟ್ಟಿಯದು. ನೀರಿನಿಂದ ಗಾಳಿಗೆ ಬರುವ ಬೆಳಕು ಬಾಗುವುದನ್ನು ವಕ್ರೀಭವನ ಎನ್ನುತ್ತಾರೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಆಗಿರುವುದರಿಂದ, ನೇರವಾಗಿ ನೋಡಿದಾಗ ಗಾಜಿನಿಂದ 20 ಸೆಂಟಿಮೀಟರ್ ಒಳಗಿರುವ ಮೀನು 15 ಸೆಂಟಿಮೀಟರ್ ದೂರದಲ್ಲಿರುವಂತೆ ತೋರುತ್ತದೆ ಮತ್ತು ಲೆನ್ಸು ಕೂಡ ಆ ತೋರಿಕೆಯ ದೂರಕ್ಕೇ ಫೋಕಸ್ ಆಗುತ್ತದೆ. ಅದೇ ಮೀನನ್ನು ಓರೆಯಾಗಿ ನೋಡಿದರೆ, ಬಿಳಿಯ ಬೆಳಕಿನ ಒಂದೊಂದು ಬಣ್ಣವೂ ಒಂದೊಂದು ಪ್ರಮಾಣದಲ್ಲಿ ಬಾಗಿ, ಮೀನಿನ ಅಂಚಿಗೆ ನೀಲಿ-ಕಿತ್ತಳೆಯ ಗೆರೆಗಳು ಅಂಟಿಕೊಂಡು, ಚಿತ್ರದ ಮೊನಚು ಕರಗುತ್ತದೆ. ಎಷ್ಟೇ ಬೆಲೆಬಾಳುವ ಲೆನ್ಸಾದರೂ ಈ ದೋಷವನ್ನು ತಿದ್ದಲಾರದು. ಗಾಜಿಗೆ ಲಂಬವಾಗಿ ಹಿಡಿದ ಕಿಟ್ ಲೆನ್ಸು ಓರೆಯಾಗಿ ಹಿಡಿದ ರಾಜಲೆನ್ಸನ್ನು ಸೋಲಿಸುವುದು ಈ ಕಾರಣಕ್ಕೆ. ದುಂಡನೆಯ ಗಾಜಿನ ಬಟ್ಟಲಿನಲ್ಲಿ ಲಂಬವೆಂಬುದೇ ಒಂದು ಬಿಂದುವಿಗೆ ಸೀಮಿತವಾಗಿರುವುದರಿಂದ ಅದರಲ್ಲಿರುವ ಮೀನಿಗೂ ಅದನ್ನು ಚಿತ್ರಿಸುವವನಿಗೂ ನೆಮ್ಮದಿಯಿಲ್ಲ.

ಲೆನ್ಸಿನ ಸಂಗಮದೂರವನ್ನು, ಎಂದರೆ ಅದರ ಮೈಮೇಲೆ ಎಂಎಂ ಎಂದು ಬರೆದಿರುವ ಅಂಕಿಯನ್ನು, ಆರಿಸುವಾಗ ಈ ತೋರಿಕೆಯ ದೂರವೇ ಕೈಗನ್ನಡಿ. ನಿಕಾನಿನ 40 ಎಂಎಂ ಮ್ಯಾಕ್ರೋ ಲೆನ್ಸು ಅಗ್ಗವೂ ಹಗುರವೂ ಆಗಿದ್ದರೂ, ಅದರ ಅತಿ ಹತ್ತಿರದ ಫೋಕಸ್ ದೂರವಾದ 16.3 ಸೆಂಟಿಮೀಟರನ್ನು ಸೆನ್ಸರಿನಿಂದ ಅಳೆಯಬೇಕಾಗಿರುವುದರಿಂದ, ಕ್ಯಾಮೆರಾದ ದಪ್ಪ ಮತ್ತು ಲೆನ್ಸಿನ ಉದ್ದಗಳನ್ನು ಕಳೆದರೆ ಲೆನ್ಸಿನ ಮುಂದೆ ಉಳಿಯುವುದು ಮೂರು ನಾಲ್ಕು ಸೆಂಟಿಮೀಟರ್ ಮಾತ್ರ. ಮುಂದಿನ ಗಾಜಿಗೆ ಬಂದು ಮೂಗು ತಾಗಿಸುವ ಮೀನಿಗಷ್ಟೇ ಅದರ ಪೂರ್ಣ ಶಕ್ತಿ ದಕ್ಕುತ್ತದೆ. ಟ್ಯಾಮ್ರಾನಿನ 90 ಎಂಎಂ ಎಫ್/2.8 ಲೆನ್ಸು 29 ಸೆಂಟಿಮೀಟರಿನಲ್ಲಿ 1:1 ಮುಟ್ಟುವಾಗ ಮುಂದೆ ಸುಮಾರು 10 ಸೆಂಟಿಮೀಟರ್ ಜಾಗ ಬಿಡುತ್ತದೆ. ನೀರಿನ ಕೃಪೆಯಿಂದ ಅದು ತೊಟ್ಟಿಯೊಳಗೆ 13 ಸೆಂಟಿಮೀಟರಿನಷ್ಟಾಗಿ, ಅಂಗಡಿಗಳಲ್ಲಿ ಮಾಮೂಲಾಗಿ ಸಿಗುವ ಎರಡಡಿ ಉದ್ದ, ಒಂದಡಿ ಅಗಲದ ಟ್ಯಾಂಕಿನ ಸುಮಾರು ಅರ್ಧ ಅಗಲವನ್ನು ಆಳುತ್ತದೆ. ಹಾಗೆಂದು 150 ಎಂಎಂ, 180 ಎಂಎಂ ಲೆನ್ಸುಗಳ ಕಡೆಗೆ ಕೈ ಚಾಚುವುದೂ ಸರಿಯಲ್ಲ. ಅವು ದೂರದಲ್ಲಿ ಕುಳಿತ ಚಿಟ್ಟೆಗಾಗಿ ಹುಟ್ಟಿದವು, ತೊಟ್ಟಿಯಲ್ಲಿ ದೂರ ಹೆಚ್ಚಿದಷ್ಟೂ ನಡುವಿನ ನೀರು ಹೆಚ್ಚಿ ಚಿತ್ರ ಮಂಕಾಗುತ್ತದೆ. ಎಪಿಎಸ್-ಸಿ ಕ್ಯಾಮೆರಾಕ್ಕೆ 60ರಿಂದ 105 ಎಂಎಂವರೆಗಿನ ಲೆನ್ಸುಗಳೇ ತೊಟ್ಟಿಗೆ ಹದವಾದವು.

ಈ ವ್ಯಾಪ್ತಿಯಲ್ಲಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯು ಹವ್ಯಾಸಿಯ ಕಡೆಗೆ ಉದಾರವಾಗಿದೆ. ಕ್ಯಾನನ್ನಿನವರಿಗೆ 2005ರ 60 ಎಂಎಂ ಇಎಫ್-ಎಸ್ ಮತ್ತು ಕೆಂಪುಪಟ್ಟಿ ಇಲ್ಲದ ಹಳೆಯ 100 ಎಂಎಂ, ನಿಕಾನಿನವರಿಗೆ 60 ಎಂಎಂ ಮತ್ತು 85 ಎಂಎಂ, ಎರಡು ಪಂಗಡದವರಿಗೂ ಸಲ್ಲುವ ಟ್ಯಾಮ್ರಾನ್ 90, ಟೋಕಿನಾ 100, ಸಿಗ್ಮಾ 105 ಇವೆಲ್ಲವೂ ಒಂದಕ್ಕಿಂತ ಒಂದು ಚೂಪಾದವು. ಮ್ಯಾಕ್ರೋ ಲೆನ್ಸುಗಳಲ್ಲಿ ಕಳಪೆಯದನ್ನು ಹುಡುಕುವುದೇ ಕಷ್ಟವೆಂಬ ಮಾತು ಛಾಯಾಗ್ರಾಹಕರಲ್ಲಿ ಇರುವುದು ಸುಮ್ಮನೆ ಅಲ್ಲ. ಆದರೆ ಎಚ್ಚರವೂ ಬೇಕು. 70-300 ಎಂಎಂ ಜೂಮುಗಳ ಮೇಲೆ ಮ್ಯಾಕ್ರೋ ಎಂದು ಅಚ್ಚಾಗಿದ್ದರೂ ಅವುಗಳ ವರ್ಧನೆ ಸಾಮಾನ್ಯವಾಗಿ ಅರ್ಧವನ್ನು ದಾಟದು. ಅದೂ ಒಂದು ಮೀಟರಿನ ಆಸುಪಾಸಿನ ದೂರದಿಂದ. ನಿಕಾನ್ ಕಂಪನಿಯಾದರೋ ತನ್ನ ಮ್ಯಾಕ್ರೋ ಲೆನ್ಸುಗಳ ಮೇಲೆ ಮೈಕ್ರೋ ಎಂದು ಬರೆಯುತ್ತದೆ. ಆದ್ದರಿಂದ ಓದಬೇಕಾದುದು ಹೆಸರನ್ನಲ್ಲ, 1:1 ಅಥವಾ 1:2 ಎಂಬ ಪ್ರಮಾಣವನ್ನು. ಕೈ ನಡುಗಿದರೂ ಚಿತ್ರ ನಡುಗದಂತೆ ಕಾಯುವ ಸ್ಟೆಬಿಲೈಸರ್ ಎಂಬ ಅಂಗಕ್ಕೆ ಹೊಸ ಲೆನ್ಸುಗಳಲ್ಲಿ ತೆರಬೇಕಾದ ಹೆಚ್ಚುವರಿ ಹಣವೂ ಇಲ್ಲಿ ಬಹುಮಟ್ಟಿಗೆ ವ್ಯರ್ಥ. ತೊಟ್ಟಿಯ ಮುಂದೆ ಕ್ಯಾಮೆರಾ ಗಾಜಿಗೆ ಒರಗಿರುತ್ತದೆ, ಅಲುಗುವುದು ಮೀನು, ಮೀನಿನ ಅಲುಗಾಟವನ್ನು ನಿಲ್ಲಿಸುವ ಸ್ಟೆಬಿಲೈಸರನ್ನು ಯಾವ ಕಂಪನಿಯೂ ಮಾಡಿಲ್ಲ.

ಮ್ಯಾಕ್ರೋ ಲೆನ್ಸಿಗೂ ಹಣ ಸಾಲದವರಿಗೆ ಎರಡು ಅಡ್ಡದಾರಿಗಳಿವೆ. ಮೊದಲನೆಯದು ಎಕ್ಸ್‌ಟೆನ್ಶನ್ ಟ್ಯೂಬ್, ಅಂದರೆ ಕ್ಯಾಮೆರಾ ಮತ್ತು ಲೆನ್ಸುಗಳ ನಡುವೆ ಸಿಕ್ಕಿಸುವ ಟೊಳ್ಳು ಬಳೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಭಾಗಿಸಿದರೆ ದೊರೆಯುವ ವರ್ಧನೆಯ ಮೊತ್ತ ತಿಳಿಯುತ್ತದೆ. ಅಗ್ಗದ 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಸೇರಿಸಿದರೆ ಅರ್ಧದಷ್ಟು ವರ್ಧನೆ ಲಭಿಸುತ್ತದೆ, ಟ್ಯೂಬಿನೊಳಗೆ ಗಾಜೇ ಇಲ್ಲದ ಕಾರಣ ಅದರ ಗುಣಮಟ್ಟದ ಬಗ್ಗೆ ಚಿಂತೆಯೂ ಇಲ್ಲ. ಅದರ ಕೊರತೆಯೆಂದರೆ, ಟ್ಯೂಬ್ ಹಾಕಿದ ಲೆನ್ಸು ಕೆಲವೇ ಸೆಂಟಿಮೀಟರುಗಳ ಪಟ್ಟಿಯೊಂದರಲ್ಲಿ ಮಾತ್ರ ಫೋಕಸ್ ಆಗಿ, ಮೀನು ಆ ಪಟ್ಟಿಯಿಂದ ಹೊರಗೆ ಹೋದರೆ ಕುರುಡಾಗುತ್ತದೆ. ಎರಡನೆಯದು ಲೆನ್ಸಿನ ಮುಂದೆ ಸಿಕ್ಕಿಸುವ ಕ್ಲೋಸ್-ಅಪ್ ಮಸೂರ. ರೇನಾಕ್ಸ್ ಕಂಪನಿಯ ಡಿಸಿಆರ್-150 ಮತ್ತು ಡಿಸಿಆರ್-250 ಈ ಬಗೆಯಲ್ಲಿ ಹೆಸರಾದವು. ಇವುಗಳನ್ನು ಕ್ಲಿಪ್ಪಿನಿಂದ ಹಾಕಿ ತೆಗೆಯುವುದು ಕ್ಷಣದ ಕೆಲಸವಾಗಿದ್ದು, 55-250 ಎಂಎಂನಂಥ ಜೂಮ್ ಈಗಾಗಲೇ ಮನೆಯಲ್ಲಿರುವವರಿಗೆ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಇವೆರಡಕ್ಕೂ ಒಗ್ಗದ ರಸಿಕರಿಗೆ ನಿಕಾನಿನ ಹಳೆಯ 55 ಎಂಎಂ ಮೈಕ್ರೋ ಲೆನ್ಸು ಇದೆ. ಪೂರ್ತಿ ಕೈಯಿಂದಲೇ ತಿರುಗಿಸಬೇಕಾದ ಈ ಲೋಹದ ಲೆನ್ಸು ಸ್ವತಃ 1:2ರವರೆಗೆ ಹೋಗುತ್ತದೆ, ಪೀ ಪಫರಿಗೆ ಅದು ಹೆಚ್ಚುಕಡಿಮೆ ಸಾಕು.

ಕ್ಯಾಮೆರಾದ ಸರದಿ ಬರಬೇಕಾದುದು ಇಷ್ಟೆಲ್ಲ ಆದ ಮೇಲೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಎಲ್ಲಕ್ಕೂ ಮೇಲೆಂಬ ಸಾಮಾನ್ಯ ನಂಬಿಕೆ ತೊಟ್ಟಿಯ ಮುಂದೆ ತಲೆಕೆಳಗಾಗುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿಲಿಮೀಟರ್. ಅದೇ ಪೀ ಪಫರನ್ನು ಅದೇ ಪ್ರಮಾಣದಲ್ಲಿ ತುಂಬಿಸಲು ಅದಕ್ಕೆ 0.96, ಅಂದರೆ ಸರಿಸುಮಾರು 1:1ರ ವರ್ಧನೆ ಬೇಕಾಗುತ್ತದೆ. ಒಲಿಂಪಸ್, ಪ್ಯಾನಸೋನಿಕ್ ಕ್ಯಾಮೆರಾಗಳಲ್ಲಿರುವ ಮೈಕ್ರೋ ಫೋರ್ ಥರ್ಡ್ಸ್ ಎಂಬ 17.3 ಮಿಲಿಮೀಟರ್ ಅಗಲದ ಸಣ್ಣ ಸೆನ್ಸರಿಗೆ 0.46 ಸಾಕು. ವರ್ಧನೆ ಹೆಚ್ಚಿದಷ್ಟೂ ಫೋಕಸ್ ತಪ್ಪುವ ಸಾಧ್ಯತೆ ಹೆಚ್ಚುವುದರಿಂದ, ಸಣ್ಣ ಮೀನಿಗೆ ಸಣ್ಣ ಸೆನ್ಸರು ಬಡವನ ಆಯ್ಕೆಯಷ್ಟೇ ಅಲ್ಲ, ಬುದ್ಧಿವಂತನ ಆಯ್ಕೆಯೂ ಹೌದು. ಮಂದ ಬೆಳಕಿನಲ್ಲಿ ಸಣ್ಣ ಸೆನ್ಸರಿನ ಚಿತ್ರ ಬೇಗ ಮರಳುಮರಳಾಗುತ್ತದೆ ಎಂಬ ಆಕ್ಷೇಪ ನಿಜವೇ. ಫ್ಲಾಶ್ ಬಳಸುವವನಿಗೆ ಆ ಆಕ್ಷೇಪ ಅನ್ವಯಿಸುವುದಿಲ್ಲ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ, ಎರಡೂವರೆ ಸೆಂಟಿಮೀಟರಿನ ಮೀನಿನ ಎದುರು ಹಿಡಿದ ಒಂದೂವರೆ ಕಿಲೋ ಸಲಕರಣೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಿಂದ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೆ ಲೋಕ ಹೊರಳಿರುವುದರಿಂದ, ಹತ್ತು ವರ್ಷದ ಹಿಂದೆ ಆಸೆಯಿಂದ ನೋಡಿ ಬಿಟ್ಟಿದ್ದ ಮಾದರಿಗಳು ಇಂದು ಕೈಗೆಟುಕುವ ಬೆಲೆಗೆ ಇಳಿದಿವೆ. ನಿಕಾನ್ ಡಿ7000 (2010), ಡಿ7100 (2013) ಇವುಗಳ ವಿಶೇಷವೆಂದರೆ, ಲೆನ್ಸನ್ನು ತಿರುಗಿಸುವ ಮೋಟಾರು ಕ್ಯಾಮೆರಾದೊಳಗೇ ಇದ್ದು ಹಳೆಯ ಅಗ್ಗದ ಲೆನ್ಸುಗಳೂ ತಾವಾಗಿ ಫೋಕಸ್ ಆಗುತ್ತವೆ. ಮೇಲಾಗಿ ಕ್ಯಾಮೆರಾದ ನೆತ್ತಿಯ ಪುಟ್ಟ ಫ್ಲಾಶು, ದೂರದಲ್ಲಿಟ್ಟ ಅದೇ ಕಂಪನಿಯ ದೊಡ್ಡ ಫ್ಲಾಶಿಗೆ ತಂತಿಯಿಲ್ಲದೆ ಅಪ್ಪಣೆ ಕೊಡಬಲ್ಲದು. ಡಿ3000, ಡಿ5000 ಸರಣಿಯ ಮರಿ ಕ್ಯಾಮೆರಾಗಳಲ್ಲಿ ಆ ಮೋಟಾರಿಲ್ಲ ಎಂಬುದನ್ನು ಅರಿಯದೆ ಹಳೆಯ ಲೆನ್ಸ್ ಕೊಂಡವರು ಅದನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಕ್ಯಾನನ್ನಿನ ಇಎಫ್ ಲೆನ್ಸುಗಳಲ್ಲಿ 1987ರಿಂದಲೂ ಮೋಟಾರು ಲೆನ್ಸಿನೊಳಗೇ ಇರುವುದರಿಂದ ಅಲ್ಲಿ ಈ ತೊಡಕಿಲ್ಲ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಾದರೋ ಫೋಕಸ್ ಆದ ಭಾಗದ ಅಂಚುಗಳು ಪರದೆಯ ಮೇಲೆ ಬಣ್ಣದಲ್ಲಿ ಮಿನುಗುವ ಸೌಕರ್ಯ ಸಾಮಾನ್ಯವಾಗಿದ್ದು, ಅಡಾಪ್ಟರ್ ಎಂಬ ಉಂಗುರದ ನೆರವಿನಿಂದ ಯಾವ ಕಾಲದ, ಯಾವ ಕಂಪನಿಯ ಲೆನ್ಸನ್ನಾದರೂ ಹೆಚ್ಚುಕಡಿಮೆ ಕೂರಿಸಬಹುದು.

ಸಣ್ಣ ಮೀನಿನ ಚಿತ್ರದ ಗೆಲುವು ಸೋಲುಗಳು ನಿರ್ಧಾರವಾಗುವುದು ಬೆಳಕಿನಲ್ಲಿ. ಫೋಕಸ್ ಬಿಂದುವಿನ ಹಿಂದೆ ಮುಂದೆ ಎಷ್ಟು ದೂರದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ ಎಂಬುದನ್ನು ಛಾಯಾಗ್ರಾಹಕರು ಡೆಪ್ತ್ ಎನ್ನುತ್ತಾರೆ. ಅರ್ಧ ವರ್ಧನೆಯಲ್ಲಿ, ಬೆಳಕಿನ ಕಿಂಡಿಯಾದ ಅಪರ್ಚರನ್ನು ಎಫ್/8ಕ್ಕೆ ಇಟ್ಟಾಗ, ಎಪಿಎಸ್-ಸಿ ಕ್ಯಾಮೆರಾದಲ್ಲಿ ಈ ಡೆಪ್ತ್ ಸುಮಾರು 2 ಮಿಲಿಮೀಟರ್. ನೀರು ಅದಕ್ಕೆ ಮೂರನೇ ಒಂದು ಪಾಲು ಸೇರಿಸಿದರೂ ಮೂರು ಮಿಲಿಮೀಟರ್ ತುಂಬುವುದಿಲ್ಲ. ಮೀನು ಗಾಜಿಗೆ ಸಮಾನಾಂತರವಾಗಿ ನಿಂತರೆ ಮೂತಿಯಿಂದ ಬಾಲದವರೆಗೆ ಸ್ಪಷ್ಟ, ಕೊಂಚ ತಿರುಗಿದರೂ ಕಣ್ಣೋ ಬಾಲವೋ ಒಂದನ್ನು ಬಿಟ್ಟುಕೊಡಬೇಕು. ಬಿಡುವುದು ಬಾಲವನ್ನು, ಕಣ್ಣನ್ನಲ್ಲ. ಎಫ್/11ರವರೆಗೆ ಕಿಂಡಿಯನ್ನು ಕಿರಿದು ಮಾಡಿದರೆ ಡೆಪ್ತ್ ಹಿಗ್ಗುತ್ತದೆ, ಎಫ್/16ನ್ನು ದಾಟಿದರೆ ಕಿರಿದಾದ ಕಿಂಡಿಯ ಅಂಚಿನಲ್ಲಿ ಬೆಳಕು ಹರಡಿಕೊಳ್ಳುವ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್/11ರಲ್ಲಿ ತೊಟ್ಟಿಯ ಎಲ್ಇಡಿ ದೀಪ ಎಲ್ಲಿಗೂ ಸಾಲದು. ಅದಲ್ಲದೆ ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾಗಿರುವುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರನ್ನು 1/50 ಅಥವಾ 1/100 ಸೆಕೆಂಡಿಗಿಂತ ಚುರುಕಾಗಿಸಿದರೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಬೀಳಬಹುದು, ಅಷ್ಟು ನಿಧಾನದ ಶಟರಿನಲ್ಲಿ ಟೆಟ್ರಾ ಮೀನು ಒಂದು ಗೆರೆಯಾಗಿ ಕರಗಬಹುದು.

ಆದ್ದರಿಂದ ಕ್ಯಾಮೆರಾದಿಂದ ಬಿಡಿಸಿ ದೂರದಲ್ಲಿಡಬಹುದಾದ ಒಂದು ಫ್ಲಾಶ್ ಮತ್ತು ಅದಕ್ಕೆ ಸಂಕೇತ ಕಳಿಸುವ ರೇಡಿಯೋ ಟ್ರಿಗರ್ ಇವೆರಡಕ್ಕೆ ತೆಗೆದಿರಿಸಿದ ಹಣವು, ಅದರ ಎಷ್ಟೋ ಪಟ್ಟು ಬೆಲೆಯ ಕ್ಯಾಮೆರಾ ಮಾಡಲಾಗದ ಕೆಲಸವನ್ನು ಮಾಡುತ್ತದೆ. ಕಡಿಮೆ ಶಕ್ತಿಯಲ್ಲಿ ಫ್ಲಾಶಿನ ಮಿಂಚು ಒಂದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೇ ಹೊತ್ತು ಇರುವುದರಿಂದ ಅತಿ ಚುರುಕಿನ ಮೀನೂ ಅದರ ಮುಂದೆ ನಿಂತಂತೆ ಆಗುತ್ತದೆ. ಗೋಡಾಕ್ಸ್ ಮುಂತಾದ ಕಂಪನಿಗಳು ಕೈಯಿಂದ ಶಕ್ತಿ ಹೊಂದಿಸುವ ಸರಳ ಫ್ಲಾಶುಗಳನ್ನು ಅಗ್ಗವಾಗಿಯೇ ಮಾರುತ್ತವೆ, ದೂರ ಬದಲಾಗದ ತೊಟ್ಟಿಗೆ ಅಷ್ಟು ಸಾಕು. ಅದನ್ನು ಇಡಬೇಕಾದ ಜಾಗ ತೊಟ್ಟಿಯ ನೆತ್ತಿ. ಮೀನಿನ ಹುರುಪೆಗಳ ಬೆಳ್ಳಿಹೊಳಪಿಗೆ ಕಾರಣವಾದ ಗ್ವಾನಿನ್ ಎಂಬ ವಸ್ತುವಿನ ಹರಳುಗಳು ಪುಟ್ಟ ಕನ್ನಡಿಗಳಂತೆ ವರ್ತಿಸುವುದರಿಂದ, ಮುಂದಿನಿಂದ ಬಂದ ಬೆಳಕು ಕಣ್ಣು ಕುಕ್ಕುವ ಬಿಳಿಯ ಕಲೆಯಾಗಿ ಮರಳುತ್ತದೆ ಮತ್ತು ಗಾಜಿನ ಮೇಲೂ ಮೂಡುತ್ತದೆ. ಮೇಲಿನಿಂದ ಇಳಿದ ಬೆಳಕು ಹೊಳೆಯಲ್ಲಿ ಸೂರ್ಯನಿಂದ ಬಂದಂತೆ ಬೆನ್ನನ್ನು ಬೆಳಗಿ, ಕೆಳಗಿನ ಮರಳಿನಿಂದ ಚಿಮ್ಮಿ ಹೊಟ್ಟೆಯ ನೆರಳನ್ನು ತುಂಬುತ್ತದೆ. ಮುಚ್ಚಳದ ಗಾಜಿನ ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಬಾಯಿ ಕೆಳಗಾಗಿ ಫ್ಲಾಶ್ ಇಟ್ಟರೆ ಬೆಳಕು ಮೃದುವಾಗುತ್ತದೆ, ಫ್ಲಾಶ್ ನೀರಿಗೆ ಬೀಳುವ ಅಪಾಯವೂ ತಪ್ಪುತ್ತದೆ. ಅದರೊಳಗಿನ ಕೆಪಾಸಿಟರಿನಲ್ಲಿ ನೂರಾರು ವೋಲ್ಟುಗಳ ವಿದ್ಯುತ್ತು ಕೂಡಿಟ್ಟಿರುವುದರಿಂದ ಈ ಎಚ್ಚರಿಕೆಯನ್ನು ಹಗುರವಾಗಿ ಕಾಣಬಾರದು.

ಕೊಳ್ಳದೆ ಉಳಿಯಬೇಕಾದುವುಗಳ ಪಟ್ಟಿಯೂ ಕೊಳ್ಳುವ ಪಟ್ಟಿಯಷ್ಟೇ ಉಪಯುಕ್ತ. ಪ್ರತಿಬಿಂಬ ತೆಗೆಯುತ್ತದೆಂಬ ಹೊಗಳಿಕೆಯ ಪೋಲರೈಸರ್ ಫಿಲ್ಟರು ಗಾಜನ್ನು ಸುಮಾರು 56 ಡಿಗ್ರಿ ಓರೆಯಿಂದ ನೋಡಿದಾಗ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತೊಟ್ಟಿಯನ್ನು ನೋಡಬೇಕಾದುದು ನೇರವಾಗಿ. ಅಲ್ಲಿ ಅದು ಬೆಳಕನ್ನು ನುಂಗುವುದೊಂದನ್ನೇ ಮಾಡುತ್ತದೆ. ಲೆನ್ಸಿನ ಸುತ್ತ ಬಳೆಯಂತೆ ಉರಿಯುವ ರಿಂಗ್ ಲೈಟು ಗಾಜಿನ ಮೇಲೆ ತನ್ನದೇ ಬಿಂಬವನ್ನು ಬಳೆಯಾಗಿ ಬರೆದಿಡುತ್ತದೆ. ಟ್ರೈಪಾಡು ನಿಂತ ತೊಟ್ಟಿಗೆ ಸರಿ, ಓಡುವ ಮೀನಿಗೆ ಅಡ್ಡಿ. ಇವೆಲ್ಲವುಗಳ ಕೆಲಸವನ್ನು ಕೆಲವೇ ನೂರು ರೂಪಾಯಿಯ ರಬ್ಬರ್ ಹುಡ್, ಎಂದರೆ ಲೆನ್ಸಿನ ಮೂತಿಗೆ ತಿರುಗಿಸುವ ಮೆತ್ತನೆಯ ಕೊಳವೆ, ಗಾಜಿಗೆ ಒತ್ತಿ ಹಿಡಿದ ಮಾತ್ರಕ್ಕೆ ಮಾಡುತ್ತದೆ. ಹೊರಗಿನ ಬಿಂಬಗಳಿಗೆ ದಾರಿಯಿಲ್ಲ, ಗಾಜಿಗೆ ಗೀರಿಲ್ಲ, ಕೈಗೆ ಆಧಾರವೂ ಆಯಿತು. ಕೋಣೆಯ ದೀಪ ಆರಿಸಿ ಕಪ್ಪು ಅಂಗಿ ತೊಟ್ಟರೆ ಉಳಿದ ಬಿಂಬಗಳೂ ಹೋಗುತ್ತವೆ. ಒಳಗಿನ ಗಾಜಿನ ಪಾಚಿಯನ್ನು ಉಜ್ಜಿ, ಕಸ ತಳಕ್ಕೆ ಇಳಿಯುವವರೆಗೆ ಕಾದು, ಚಿತ್ರ ತೆಗೆಯುವಷ್ಟು ಹೊತ್ತು ಮಾತ್ರ ತೊಟ್ಟಿಯ ನೀರಿನ ಫಿಲ್ಟರ್ ನಿಲ್ಲಿಸಿ ಮರೆಯದೆ ಮತ್ತೆ ಹಾಕುವುದು ಯಾವ ಲೆನ್ಸಿಗೂ ಬಾರದ ಸ್ಪಷ್ಟತೆಯನ್ನು ತರುತ್ತದೆ.

ಸೆಕೆಂಡ್ ಹ್ಯಾಂಡ್ ಲೆನ್ಸನ್ನು ಕೈಗೆತ್ತಿಕೊಂಡಾಗ ಮಾಡಬೇಕಾದ ಪರೀಕ್ಷೆ ಸರಳವಾದರೂ ಬಿಡುವಂಥದ್ದಲ್ಲ. ಕಿಂಡಿಯನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚಿನ ಬೆಳಕು ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಿದರೆ ಒಳಗಿನ ಬೂಷ್ಟು ಜೇಡರ ಬಲೆಯಂಥ ಎಳೆಗಳಾಗಿ ಕಾಣುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಂಥ ಕರಾವಳಿಯ ಊರುಗಳಲ್ಲಿ, ಮಲೆನಾಡಿನ ಮಳೆಗಾಲದಲ್ಲಿ, ಕಪಾಟಿನಲ್ಲಿ ಮುಚ್ಚಿಟ್ಟ ಲೆನ್ಸಿಗೆ ಈ ಬೂಷ್ಟು ಹತ್ತುವುದು ಅಪರೂಪವಲ್ಲ. ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಪೊಟ್ಟಣಗಳು ಅದಕ್ಕೆ ಅಗ್ಗದ ಕಾಪು. ಎರಡು ಧೂಳಿನ ಕಣಗಳು ಚಿತ್ರಕ್ಕೆ ಏನೂ ಮಾಡುವುದಿಲ್ಲ, ಬೆಲೆಯನ್ನು ಇಳಿಸಲು ಮಾತ್ರ ಉಪಯೋಗಕ್ಕೆ ಬರುತ್ತವೆ. ಕಿಂಡಿಯ ಎಲೆಗಳು ಎಣ್ಣೆಯಿಲ್ಲದೆ ಚಟಕ್ಕನೆ ಮುಚ್ಚಿ ತೆರೆಯಬೇಕು, ಫೋಕಸ್ ಬಳೆ ಎಲ್ಲಿಯೂ ತಡೆಯದೆ ತಿರುಗಬೇಕು. ಕ್ಯಾಮೆರಾದಲ್ಲಾದರೆ ಶಟರ್ ಎಷ್ಟು ಬಾರಿ ಬಡಿದಿದೆ ಎಂಬ ಎಣಿಕೆಯನ್ನು ಕೇಳಿ ತಿಳಿಯಬೇಕು.

ಮೀನಿನ ಕಡೆಯ ಲೆಕ್ಕವೂ ಒಂದಿದೆ. ಡೆನಿಸನ್ ಬಾರ್ಬ್ ಅಳಿವಿನಂಚಿನ ಮೀನುಗಳ ಸಾಲಿನಲ್ಲಿದೆ, ಪೀ ಪಫರ್ ಅಪಾಯದ ಹಾದಿಯಲ್ಲಿದೆ. ಹೊಳೆಗಳಿಂದ ಹಿಡಿದು ಅಕ್ವೇರಿಯಂ ವ್ಯಾಪಾರಕ್ಕೆ ಸಾಗಿಸಿದ್ದೂ ಇದಕ್ಕೆ ಒಂದು ಕಾರಣ. ಆದುದರಿಂದ ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ಕೊಳ್ಳುವುದು, ಚಿತ್ರದ ಸಲುವಾಗಿ ಮೀನನ್ನು ಇಕ್ಕಟ್ಟಿನ ಗಾಜಿನ ಪೆಟ್ಟಿಗೆಯಲ್ಲಿ ಹೆಚ್ಚು ಹೊತ್ತು ಕೂಡಿಹಾಕದಿರುವುದು, ಗಾಢ ಕತ್ತಲೆಯಿಂದ ಒಮ್ಮೆಗೇ ಮಿಂಚು ಹೊಡೆಯದೆ ತೊಟ್ಟಿಯ ದೀಪವನ್ನು ಉರಿಯಗೊಡುವುದು ಹವ್ಯಾಸಿಯ ಕನಿಷ್ಠ ಸೌಜನ್ಯ. ಪೀ ಪಫರ್ ಈ ಸೌಜನ್ಯಕ್ಕೆ ಚೆನ್ನಾಗಿ ಪ್ರತಿಫಲ ಕೊಡುತ್ತದೆ. ಟೆಟ್ರಾಗಳಂತೆ ಸರ್ರನೆ ಓಡದೆ, ಪಕ್ಕದ ರೆಕ್ಕೆಗಳನ್ನು ಬೀಸುತ್ತ ನೀರಿನ ನಡುವೆ ತೇಲಿನಿಂತು, ಒಂದು ಕಣ್ಣನ್ನು ಬಸವನಹುಳುವಿನ ಕಡೆಗೂ ಇನ್ನೊಂದನ್ನು ಲೆನ್ಸಿನ ಕಡೆಗೂ ಬೇರೆಬೇರೆಯಾಗಿ ಹೊರಳಿಸುವ ಈ ಮೀನು, ಹುರುಪೆಯಿಲ್ಲದ ಮೈಯಿಂದಾಗಿ ಫ್ಲಾಶಿಗೂ ಹೊಂದಿಕೊಳ್ಳುತ್ತದೆ. ಅಗ್ಗದ ಲೆನ್ಸಿನ ನಿಧಾನ ಫೋಕಸಿಗೂ ಕಾಯುವ ತಾಳ್ಮೆ ಅದಕ್ಕಿದೆ.

ಒಟ್ಟು ಹಣವನ್ನು ನೂರು ಪಾಲೆಂದು ಭಾವಿಸಿದರೆ, ಸಣ್ಣ ಮೀನಿನವನು ಐವತ್ತನ್ನು ಲೆನ್ಸಿಗೂ ಇಪ್ಪತ್ತನ್ನು ಫ್ಲಾಶಿಗೂ ಉಳಿದ ಮೂವತ್ತನ್ನು ಹಳೆಯ ಕ್ಯಾಮೆರಾಕ್ಕೂ ಇಡುವುದು ನ್ಯಾಯವಾದ ಹಂಚಿಕೆ. ದೊಡ್ಡ ಮೀನಿನವನು ಲೆನ್ಸಿನ ಪಾಲನ್ನು ಉಳಿಸಿ, ಕಿಟ್ ಲೆನ್ಸು, ಫ್ಲಾಶು, ರಬ್ಬರ್ ಹುಡ್ಡುಗಳಲ್ಲಿಯೇ ಕೆಲಸ ಮುಗಿಸಬಹುದು. ಆದರೆ ದೊಡ್ಡ ಮೀನು ಇನ್ನೊಂದು ಬಾಗಿಲಿನಿಂದ ಆ ಹಣವನ್ನು ಕೇಳುತ್ತದೆ: ಗುಂಪಿನಲ್ಲಿ ಓಡಾಡುವ ಡೆನಿಸನ್ ಬಾರ್ಬಿಗೆ ನಾಲ್ಕಡಿಗಿಂತ ಕಡಿಮೆಯ ತೊಟ್ಟಿ ಸಾಲದು. ಪೀ ಪಫರಿಗೆ ಚಿಕ್ಕ ತೊಟ್ಟಿ ಸಾಕು, ಮ್ಯಾಕ್ರೋ ಲೆನ್ಸು ಬೇಕು. ಎರಡನ್ನೂ ಕೂಡಿಸಿ ಸಾಕಿ ಉಳಿತಾಯ ಮಾಡುವ ಯೋಚನೆ ಯಾರಿಗಾದರೂ ಬಂದರೆ, ಪೀ ಪಫರ್ ಬೇರೆ ಮೀನುಗಳ ರೆಕ್ಕೆಯನ್ನು ಕಚ್ಚುವ ಜಾತಿಯದೆಂಬುದನ್ನು ಮೊದಲು ತಿಳಿದಿರುವುದು ಒಳ್ಳೆಯದು. ಅಂಥವರು ಬಜೆಟ್ಟಿನಲ್ಲಿ ಲೆನ್ಸಿನ ಪಕ್ಕದಲ್ಲೇ ಇನ್ನೊಂದು ತೊಟ್ಟಿಯನ್ನೂ ಬರೆದುಕೊಂಡು, ಆಮೇಲೆ ಮನೆಯವರ ಒಪ್ಪಿಗೆ ಕೇಳಬೇಕು.